ತಡೆ

ಶಿಕಾರಿಪುರದ ಹೈಸ್ಕೂಲಿನಲ್ಲಿ ಶಾಂತವೀರಪ್ಪ ಮೇಷ್ಟ್ರ ಇಂಗ್ಲಿಷ್ ಪಾಠವೆಂದರೆ ಮಕ್ಕಳಿಗೆ ನಡುಕ. ಒಂದು ಅರ್ಥಕ್ಕೆ ಹತ್ತು ಪದ ಉರು ಹೊಡೆಸುವುದು ಅವರ ಚಟ. ಬರುವ ಮೊದಲೇ ತಡೆದರೆ ಪ್ರಿವೆಂಟ್, ಕಾನೂನು ಹಾಕಿ ತಡೆದರೆ ಪ್ರೊಹಿಬಿಟ್, ಹಿಡಿದು ನಿಲ್ಲಿಸಿದರೆ ರಿಸ್ಟ್ರೇನ್, ಎದ್ದದ್ದನ್ನು ಅದುಮಿದರೆ ಸಪ್ರೆಸ್. ಪದ ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ ಎಂದು ಪಾಪ, ನಂಬಿದ್ದರು.

ಐವತ್ತೆಂಟರ ಬೇಸಿಗೆಯಲ್ಲಿ ಸೊರಬದ ಕಡೆ, ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಕಾಡಿಗೆ ಹೋಗಿಬಂದ ಜನ ಜ್ವರದಲ್ಲಿ ಮಲಗುತ್ತಿದ್ದರು. ಬಂದ ಡಾಕ್ಟರುಗಳಿಗೆ ಕನ್ನಡ ಬಾರದು. ಅವರ ಮಾತನ್ನು ಜನರಿಗೆ ತಿಳಿಸಲು ಕಾಡಂಚಿನ ಊರೊಂದಕ್ಕೆ ಮೇಷ್ಟ್ರನ್ನು ಕರೆಸಿದರು. ಆ ಊರಲ್ಲೇ ಅವರ ವಿಧವೆ ಅಕ್ಕ ನಿರ್ಮಲಮ್ಮನ ಮನೆ. ತಾಯಿಯಿಲ್ಲದ ತಮ್ಮನನ್ನು ಸಾಕಿ ಓದಿಸಿದವಳು ಅವಳೇ.

ಸತ್ತ ಮಂಗನ ಮೈಯಿಂದ ಉಣುಗು ಹತ್ತಿ ಕಚ್ಚಿದರೆ ಈ ಜ್ವರ ಬರುತ್ತದೆ, ಯಾರೂ ಹತ್ತಿರ ಹೋಗದಂತೆ ಹೇಳಿ ಎಂದರು ಡಾಕ್ಟರು. ದನದ ಮೈಮೇಲೆ ದಿನಾ ಕಾಣುವ ಉಣುಗಿಗೆ ಹೆದರುವವರು ಯಾರು? ಸತ್ತ ಮಂಗನಿಗೆ ಸ್ನಾನ ಮಾಡಿಸಿ, ಕುಂಕುಮವಿಟ್ಟು, ಹೊತ್ತು ಮಣ್ಣು ಮಾಡುವ ಜನ. ಮೇಷ್ಟ್ರು ಉಣುಗಿನ ಮಾತನ್ನೇ ಬಿಟ್ಟರು. ಈ ರೋಗದಲ್ಲಿ ಸತ್ತದ್ದು ಯಾವುದೇ ಇರಲಿ, ಮುಟ್ಟಿದವರ ಮನೆ ಉಳಿಯುವುದಿಲ್ಲ ಎಂದು ಕಟ್ಟೆಯ ಮೇಲೆ ನಿಂತು ಹೆದರಿಸಿದರು.

ಊರು ಹೆದರಿತು. ಹೆದರದವಳು ಅಕ್ಕ ಒಬ್ಬಳೇ. ಅವಳ ಹಿತ್ತಲಲ್ಲೇ ಒಂದು ಮಂಗ ಸತ್ತು ಬಿತ್ತು. ಸುದ್ದಿ ಕೇಳಿ ಮೇಷ್ಟ್ರು ಓಡಿಬರುವಷ್ಟರಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ನೀರು ಹಾಕುತ್ತಿದ್ದಳು. ಬೈದರು, ಬೇಡಿಕೊಂಡರು, ಕೈಹಿಡಿದು ಎಳೆದರು.

"ಸ್ವಾಮಿ ನನ್ ಹಿತ್ಲಿಗೆ ಬಂದು ಜೀವ ಬಿಟ್ಟಾನೆ. ನಾಯಿ ಎಳ್ಕಂಡ್ ಹೋಗ್ಲಿ ಅಂತೀಯೇನೋ? ಸರಿ ಅತ್ಲಾಗೆ," ಎಂದಳು.

ಅವಳ ಮುಂದೆ ಮೇಷ್ಟ್ರು ಇನ್ನೂ ಚಡ್ಡಿ ಹುಡುಗ. ಸರಿದು ನಿಂತರು.

ವಾರದೊಳಗೆ ಅವಳಿಗೆ ಜ್ವರ ಏರಿತು, ಮೂಗಲ್ಲಿ, ಬಾಯಲ್ಲಿ ರಕ್ತ ಬಂತು. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ತಲೆ ತಗ್ಗಿಸಿದರು. ಮೇಷ್ಟ್ರು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದಂತೆಯೇ ಒಂದು ಬೆಳಗ್ಗೆ ಉಸಿರು ನಿಂತಿತು.

ಹೆಗಲು ಕೊಡಲು ಯಾರೂ ಬರಲಿಲ್ಲ. ಮೇಷ್ಟ್ರು ಮನೆಮನೆಯ ಬಾಗಿಲು ಬಡಿದರು. ರೋಗ ಉಣುಗಿನಿಂದ ಬರುತ್ತದೆ, ಹೆಣದಿಂದ ಅಲ್ಲ, ನಾನು ಅಂದು ಹೇಳಿದ್ದು ತಪ್ಪು ಎಂದು ಗೋಗರೆದರು. ತಡೆಯಲು ಅವರ ಬಳಿ ಎಷ್ಟೊಂದು ಮಾತಿದ್ದವು; ಹಾಕಿದ ತಡೆಯನ್ನು ತೆಗೆಯಲು ಒಂದೂ ಒದಗಲಿಲ್ಲ.

ಪಕ್ಕದ ಮನೆಯ ಗುತ್ಯಪ್ಪ ನಿರ್ಮಲಮ್ಮನ ಕೈತುತ್ತು ತಿಂದು ಬೆಳೆದವನು. ಬೇಲಿಯಾಚೆ ನಿಂತು ಅಳುತ್ತಿದ್ದ. ಮೇಷ್ಟ್ರು ಅವನಿಗೆ ಕೈಮುಗಿದರು.

"ಅಮ್ಮಾರ್ನ ಹೊರಾಕೆ ನಂಗೂ ಆಸೆ ಐತ್ರೀ ಮೇಷ್ಟ್ರೇ," ಎಂದ ಗುತ್ಯಪ್ಪ. "ಮನೇಲಿ ಎಳೇ ಮಕ್ಳದಾವೆ. ಅವತ್ತು ನೀವು ಹೇಳಿದ್ದೇ ನಿಜ ಆಗಿದ್ರೆ?"

ಮೇಷ್ಟ್ರು ಒಳಗೆ ಬಂದರು. ಅಕ್ಕನನ್ನು ಒಬ್ಬರೇ ಎತ್ತಲು ನೋಡಿದರು. ಆಗಲಿಲ್ಲ.