ಮೆಟ್ಟಿಲ ಕೆಳಗಿನ ಸಭೆ

ಅಂಗವಿಕಲರ ಕ್ಷೇಮ ಸಂಘದ ವಾರ್ಷಿಕ ಸಭೆ ಪ್ರತಿ ವರ್ಷ ಎರಡನೇ ಮಹಡಿಯಲ್ಲೇ ನಡೆಯುತ್ತಿತ್ತು. ಲಿಫ್ಟ್ ಇರಲಿಲ್ಲ. ನಡೆಯಲಾಗದವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಕಂಬಳಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ದಡದಡನೆ ಮೆಟ್ಟಿಲು ಹತ್ತಬಲ್ಲವರು.

ದರ್ಜಿ ಅಕ್ಕನ ಎರಡೂ ಕಾಲು ಮೂರನೇ ವಯಸ್ಸಿನಲ್ಲೇ ಜ್ವರಕ್ಕೆ ಸೋತಿದ್ದವು. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಕೈಮೆಷಿನ್ ಇಟ್ಟುಕೊಂಡು ಅರ್ಧ ಊರಿನ ಶಾಲೆ ಸಮವಸ್ತ್ರ ಹೊಲಿಯುತ್ತಿದ್ದಳು. ಹಿಂದಿನ ವರ್ಷ ಎತ್ತಿಕೊಂಡು ಹೋಗುವಾಗ ಒಬ್ಬನ ಕೈ ಜಾರಿ, ಆರು ಮೆಟ್ಟಿಲು ಉರುಳಿ ಭುಜದ ಮೂಳೆ ಮುರಿದುಕೊಂಡಿದ್ದಳು. ಮೂರು ತಿಂಗಳು ಸೂಜಿ ಮುಟ್ಟಲಿಲ್ಲ. ಸಂಘದ ವರದಿಯಲ್ಲಿ ಹೀಗೆ ಅಚ್ಚಾಗಿತ್ತು: 'ಒಂದು ಸಣ್ಣ ಅವಘಡ ಬಿಟ್ಟರೆ ಸಭೆ ಯಶಸ್ವಿಯಾಯಿತು.'

ಈ ವರ್ಷ ಅವಳು ಗಾಲಿಕುರ್ಚಿಯನ್ನು ಮೊದಲ ಮೆಟ್ಟಿಲಿಗೆ ಅಡ್ಡವಾಗಿ ನಿಲ್ಲಿಸಿ ಬ್ರೇಕ್ ಹಾಕಿದಳು. ಎತ್ತಲು ಬಂದವರಿಗೆ, "ಮೈ ಮುಟ್ಟಿದರೆ ನೆಟ್ಟಗಿರಲ್ಲ" ಅಂದಳು.

ಅಣ್ಣ ತಲೆ ತಗ್ಗಿಸಿದ. "ದೊಡ್ಡೋರ ಮುಂದೆ ಮಾನ ಕಳೀಬೇಡ ಕಣೇ."

"ನನ್ನ ಮೂಳೆ ಮುರಿದಾಗ ಯಾರ ಮಾನ ಹೋಯ್ತಣ್ಣ?"

ಅಧ್ಯಕ್ಷರೇ ಇಳಿದು ಬಂದರು. "ಏನಮ್ಮಾ ಇದು? ನಿಮಗೋಸ್ಕರ ತಾನೇ ಇಷ್ಟೆಲ್ಲ ಮಾಡ್ತಿರೋದು?"

"ಹಾಗಾದ್ರೆ ಸಭೆ ಕೆಳಗೆ ಮಾಡಿ ಸಾರ್."

"ಮೈಕು, ಕುರ್ಚಿ ಎಲ್ಲ ಮೇಲಿದೆ."

"ನಾವು ಕೆಳಗಿದೀವಿ."

ಅಧ್ಯಕ್ಷರ ಮುಖ ಕೆಂಪಾಯಿತು. "ಒಬ್ಬಳಿಗೋಸ್ಕರ ಸಭೆ ನಿಲ್ಲಲ್ಲ" ಎಂದು ಹೊರಟರು.

ಆಗ ಮೇಲಿನಿಂದ ಟಕ್, ಟಕ್ ಎಂದು ಕೋಲಿನ ಸದ್ದು. ಕಣ್ಣು ಕಾಣದ ಟೆಲಿಫೋನ್ ಆಪರೇಟರ್ ಕಂಬಿ ಹಿಡಿದು ಇಳಿಯುತ್ತಿದ್ದ. "ಅಕ್ಕಾ, ಮಾತೆಲ್ಲ ಕೇಳಿಸ್ತು. ಜಾಗ ಇದ್ಯಾ?" ಅವನ ಹಿಂದೆ, ಆಗಲೇ ಎತ್ತಿಸಿಕೊಂಡು ಮೇಲೆ ಹೋಗಿದ್ದವರು ಕುಂಡಿಯ ಮೇಲೆ ಕೂತು ಒಂದೊಂದೇ ಮೆಟ್ಟಿಲು ಜಾರತೊಡಗಿದರು. ಬಟ್ಟೆಯೆಲ್ಲ ಧೂಳು. ಒಬ್ಬ ಮುದುಕಿಯಂತೂ, "ಹತ್ತೋವಾಗ ಅಳು ಬಂದಿತ್ತು, ಇಳಿಯೋವಾಗ ನಗು ಬರ್ತಿದೆ ಕಣ್ರೇ" ಎಂದು ಕೇಕೆ ಹಾಕಿದಳು.

ಹತ್ತೊಂಬತ್ತು ಜನ ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಸೇರಿ, ತಮ್ಮದೇ ಹೊಸ ಸಂಘ ಕಟ್ಟುವುದೆಂದು ತೀರ್ಮಾನಿಸಿದರು. ಕಿವಿ ಕೇಳದ ವೆಲ್ಡರ್ ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ದಪ್ಪಕ್ಷರದಲ್ಲಿ ಬರೆದ: 'ಮತದ ಹಕ್ಕು ಯಾರಿಗೆ?' ಆಪರೇಟರಿಗೆ ದರ್ಜಿ ಅಕ್ಕ ಓದಿ ಹೇಳಿದಳು. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಅದೇ ನೆಲದ ಮೇಲೆ ಮೊದಲ ನಿಯಮ ಬಿತ್ತು: ಅಂಗವೈಕಲ್ಯ ಇದ್ದವರಿಗಷ್ಟೇ ಮತ; ಉಳಿದವರು ಬರಬಹುದು, ಕೇಳಿದಾಗ ಮಾತಾಡಬಹುದು.

ಹೊಸ ಸಂಘವನ್ನು ದಾಖಲಿಸಲು ಹೋದರೆ, ನೋಂದಣಿ ಕಚೇರಿಯ ಕೌಂಟರು ದರ್ಜಿ ಅಕ್ಕನ ತಲೆಗಿಂತ ಎತ್ತರವಿತ್ತು. ಗುಮಾಸ್ತ ಮೇಲಿನಿಂದ ಬಗ್ಗಿ ನೋಡಿದ. "ಜೊತೆಗೆ ಯಾರಾದ್ರೂ ಬಂದಿದಾರಾ?"

"ಇಷ್ಟು ಜನ ಬಂದಿದೀವಲ್ಲ."

"ಅಂದ್ರೆ... ಸರಿಯಾಗಿರೋರು. ಸಹಿ ಹಾಕೋಕೆ."

ಆಪರೇಟರ್ ಮುಂದೆ ಬಂದ. "ಸ್ವಾಮಿ, ನನ್ನ ದನಿ ಗುರುತು ಸಿಕ್ತಾ? ಈ ಆಫೀಸಿಗೆ ಬರೋ ಫೋನನ್ನೆಲ್ಲ ಇಪ್ಪತ್ತು ವರ್ಷದಿಂದ ಕೊಡ್ತಿರೋನು ನಾನು. ಒಂದು ಸಲಾನಾದ್ರೂ ತಪ್ಪು ಮೇಜಿಗೆ ಹೋಗಿದ್ಯಾ?"

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ನಿಯಮ ನೋಡ್ಬೇಕು, ನಾಳೆ ಬನ್ನಿ" ಅಂದ.

"ನೋಡಿ, ಕಾಯ್ತೀವಿ" ಎಂದಳು ದರ್ಜಿ ಅಕ್ಕ. ಹತ್ತೊಂಬತ್ತು ಜನವೂ ಅಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ಗುಮಾಸ್ತ ಊಟಕ್ಕೆ ಹೋಗಲೂ ದಾರಿಯಿರಲಿಲ್ಲ. ಅವನು ಪುಸ್ತಕ ತಿರುವಿದ. ಸಹಿ ಹಾಕುವವರ ಕಾಲು, ಕಣ್ಣು, ಕಿವಿಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಾಲ್ಕು ಗಂಟೆಗೆ ಮೊಹರು ಬಿತ್ತು.

ಅಣ್ಣ ಎರಡು ವಾರ ಅವಳೊಡನೆ ಮಾತು ಬಿಟ್ಟ. ಅವಳಿಗೂ ಪುರುಸೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಹೊಸ ಸಂಘದವರೆಲ್ಲ ಬಸ್ ನಿಲ್ದಾಣಕ್ಕೆ ಹೋಗಿ, ಗಾಲಿಕುರ್ಚಿ ಹತ್ತಿಸಲಾಗದಷ್ಟು ಎತ್ತರದ ಮೆಟ್ಟಿಲಿನ ಮೊದಲ ಬಸ್ಸಿನ ಮುಂದೆ ಸಾಲಾಗಿ ನಿಂತರು, ಕೂತರು. ಡ್ರೈವರ್ ಹಾರನ್ ಹೊಡೆದೇ ಹೊಡೆದ.

"ಇನ್ನೂ ಜೋರಾಗಿ ಹೊಡಿಯಪ್ಪ," ಎಂದಳು ದರ್ಜಿ ಅಕ್ಕ, "ನಿಮ್ಮ ಮ್ಯಾನೇಜರಿಗೂ ಕೇಳಿಸ್ಲಿ."