ಮೂರು ಬೆರಳು ಬಟ್ಟೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ಬೇರೆಯವರನ್ನು ನೋಡಿ ನಗುತ್ತಾರೆ. ನಾನಂತೂ ಹೊಲಿಸುವವಳಲ್ಲ, ಹೊಲಿಯುವವಳೇ. ಊರಿನ ಅರ್ಧ ಮಕ್ಕಳ ಯೂನಿಫಾರಂ ನನ್ನ ಮೆಷಿನ್ನಿನಿಂದಲೇ ಶಾಲೆಗೆ ಹೋಗುತ್ತವೆ. ಹಾಗಾಗಿ ಮಗಳು ಗುಬ್ಬಿಗೆ ಶಿಶುವಿಹಾರದಲ್ಲಿ ಸೀಟು ಸಿಕ್ಕಿದ ದಿನವೇ ನೀಲಿ ಫ್ರಾಕು ಹೊಲಿದು ಅಂಗಡಿಯ ಗೂಟಕ್ಕೆ ನೇತುಹಾಕಿಬಿಟ್ಟೆ. ಬೆಳೆಯುವ ಮಗುವಲ್ಲವೇ, ಕೆಳಗೆ ಮೂರು ಬೆರಳು ಬಟ್ಟೆ ಒಳಕ್ಕೆ ಮಡಿಚಿದ್ದೆ. ಎಲ್ಲ ಮಕ್ಕಳಿಗೂ ಹಾಗೇ ಬಿಡುತ್ತೇನೆ.

ಆಮೇಲೆ ಮನಸ್ಸು ಬದಲಾಯಿತು. ಶಾಲೆಯವರು ಹಾಕಿದ ವಯಸ್ಸಿನ ಗಡುವಿಗೆ ಐದೇ ದಿನ ಮುಂಚೆ ಹುಟ್ಟಿದವಳು ಗುಬ್ಬಿ. ಕಳಿಸಿದ್ದರೆ ತರಗತಿಗೇ ಚಿಕ್ಕವಳು. ನಾನೂ ಹಾಗೆ ಚಿಕ್ಕವಳಾಗಿಯೇ ಓದಿದ್ದೆ. ನನಗೆ ಒಂದು ಲೆಕ್ಕ ಅರ್ಥವಾಗುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು, ದಡ್ಡಿ ಎಂಬ ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಅದು ನನ್ನ ಮಗಳಿಗೆ ಅಂಟಬಾರದು. ಇನ್ನೊಂದು ವರ್ಷ ಮನೆಯಲ್ಲೇ ಇರಲಿ ಎಂದೆ. ಗಂಡ ಎರಡು ದಿನ ಯೋಚಿಸಿ, "ನಿನ್ನ ಅಳತೆ ತಪ್ಪಿದ್ದನ್ನ ನಾನಂತೂ ನೋಡಿಲ್ಲ" ಎಂದರು.

ತಪ್ಪು ಹುಡುಕಲು ಅವರ ಅಕ್ಕ ಇದ್ದರಲ್ಲ, ನನ್ನ ಅತ್ತಿಗೆ. ಅವರ ಮಗ ಗುಬ್ಬಿಗಿಂತ ಎರಡೇ ತಿಂಗಳು ದೊಡ್ಡವನು, ಆ ವರ್ಷವೇ ಶಾಲೆಗೆ ಸೇರಿದ. ಅಂಗಡಿಗೆ ಬಂದಾಗಲೆಲ್ಲ ಅತ್ತಿಗೆ ಮೂಗು ಮುರಿಯುತ್ತಿದ್ದರು.

"ನಮ್ಮೋನು ಆಗ್ಲೇ ನೂರರ ತನಕ ಎಣಿಸ್ತಾನೆ. ಇವಳಿನ್ನೂ ಇಲ್ಲೇ ಕೂತಿದ್ದಾಳಲ್ಲೇ? ಓದೋಕೆ ಮುಂಚೇನೇ ಮಗೂನ ಫೇಲ್ ಮಾಡಿಬಿಟ್ಟೆ ಬಿಡು!"

ನನ್ನ ಕೈಯಲ್ಲಿ ಕತ್ತರಿ ಇತ್ತು, ಅದಕ್ಕೇ ಬಾಯಿ ಮುಚ್ಚಿಕೊಂಡೆ. ಆದರೆ ಗುಬ್ಬಿ ಕೇಳಿಸಿಕೊಂಡಿದ್ದಳು.

"ಅಮ್ಮಾ, ಫೇಲ್ ಅಂದ್ರೇನು?"

"ನಿಮ್ಮತ್ತೆ ಬಾಯಿ!" ಎಂದು ಗದರಿಬಿಟ್ಟೆ. ಅವಳ ಮುಖ ಸಣ್ಣದಾಯಿತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂಬ ಚಿಂತೆ ಅಂದಿನಿಂದ ನನ್ನನ್ನು ಕೊರೆಯತೊಡಗಿತು.

ಆ ವರ್ಷವೆಲ್ಲ ಗುಬ್ಬಿ ಮೆಷಿನ್ನಿನ ಪಕ್ಕದಲ್ಲೇ ಬೆಳೆದಳು. ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗೆ ಹಾಕಿದಳು, ಟೇಪು ಹಿಡಿದು ಅಂಕಿ ಕಲಿತಳು. ಗಿರಾಕಿ ಬಂದರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದವಳು ಬರಬರುತ್ತಾ, "ಕೂತ್ಕೊಳ್ಳಿ, ಅಮ್ಮ ಗುಂಡಿ ಹಚ್ತಿದ್ದಾಳೆ" ಎನ್ನುವಷ್ಟಾದಳು. ಒಮ್ಮೆ ಒಂದು ಚಡ್ಡಿಯ ಅಂಚು ಬಿಚ್ಚುತ್ತಿದ್ದೆ. "ಇಷ್ಟೊಂದು ಬಟ್ಟೆ ಒಳಗ್ಯಾಕೆ ಬಚ್ಚಿಟ್ಟಿದ್ದೀಯ?" ಎಂದು ಕೇಳಿದಳು. "ಮಕ್ಕಳು ಬೆಳೀತಾರಲ್ಲ ಪುಟ್ಟಾ, ಅದಕ್ಕೆ" ಎಂದೆ.

ಶಾಲೆ ಶುರುವಾಗುವ ಮುಂಚಿನ ವಾರ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಊರಿನವರಿಗೆಲ್ಲ ಹೊಲಿದು ಕೊಟ್ಟು ಕೊನೆಗೆ ನೋಡಿದರೆ, ನನ್ನ ಮಗಳಿಗೇ ಹೊಸ ಫ್ರಾಕಿಲ್ಲ! ಗೂಟದಲ್ಲಿದ್ದ ಹಳೆಯದನ್ನೇ ಇಳಿಸಿ ಮಡಿಕೆ ಬಿಚ್ಚಿದೆ. ಉದ್ದ ಸರಿಹೋಯಿತು. ಆದರೆ ವರ್ಷವಿಡೀ ಬಿಸಿಲಿಗೆ ಮಾಸಿದ ಬಟ್ಟೆಯ ಕೆಳಗೆ, ಮಡಿಕೆಯೊಳಗಿದ್ದ ಭಾಗ ಮಾತ್ರ ಕಡುನೀಲಿಯಾಗಿ ಎದ್ದು ಕಂಡಿತು. ನನ್ನನ್ನೇ ಬೈದುಕೊಂಡು ಇಸ್ತ್ರಿ ಹಾಕಿದೆ.

ಶಾಲೆಯ ಮೊದಲ ದಿನ ಬೆಳಿಗ್ಗೆ ಗೇಟಿನಲ್ಲಿ ಅತ್ತಿಗೆಯ ಮಗ ಮೊದಲು ನೋಡಿದ್ದೇ ಆ ಪಟ್ಟಿಯನ್ನು.

"ಇದು ಹೋದ ವರ್ಷದ್ದು! ಗುಬ್ಬಿ ಫೇಲ್! ಗುಬ್ಬಿ ಫೇಲ್!"

ಮಕ್ಕಳೆಲ್ಲ ತಿರುಗಿ ನೋಡಿದರು. ನಾನು ಮುಂದೆ ಹೋಗುವಷ್ಟರಲ್ಲಿ ಗುಬ್ಬಿ ಫ್ರಾಕಿನ ಅಂಚು ಹಿಡಿದು, ಆ ಪಟ್ಟಿಯ ಮೇಲೆ ಮೂರು ಬೆರಳು ಇಟ್ಟಳು.

"ಹೂಂ, ಹೋದ ವರ್ಷದ್ದೇ. ಇಷ್ಟು ಬೆಳೆದಿದ್ದೀನಿ ನೋಡು. ನಾನು ಬೆಳೀತೀನಿ ಅಂತ ನಮ್ಮಮ್ಮಂಗೆ ಮುಂಚೇನೇ ಗೊತ್ತಿತ್ತು."

ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಗುಬ್ಬಿ ಬಗ್ಗಿ ಅವಳ ಫ್ರಾಕಿನ ಅಂಚು ಮಗುಚಿ ನೋಡಿದಳು.

"ನಿಂಗೂ ಇದೆ. ನಮ್ಮಮ್ಮಾನೇ ಹೊಲಿದಿರೋದು. ಅಳಬೇಡ, ನೀನೂ ಬೆಳೀತೀಯ."

ಅವಳ ಕೈ ಹಿಡಿದು ಒಳಗೆ ಹೋದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಎನ್ನಲಿ, ನನ್ನ ಮಗಳ ಮೇಲೆ ನನಗೆ ಹೆಮ್ಮೆಯೇ.

ಅತ್ತಿಗೆಯ ಮಗ ತನ್ನ ಚಡ್ಡಿಯ ಅಂಚು ಮಗುಚುತ್ತಾ, "ಅಮ್ಮಾ, ನಂಗೆಷ್ಟಿದೆ?" ಎಂದ. ಅತ್ತಿಗೆ ನನ್ನ ಮುಖ ನೋಡಿದರು.

"ಅವನಿಗೂ ಮೂರು ಬೆರಳು ಬಿಟ್ಟಿದ್ದೀನಿ ಅತ್ತಿಗೆ" ಎಂದೆ.