ಯಮುನಮ್ಮ ಕೊಟ್ಟ ಹೇಳಿಕೆ

ಸೀತೂರಿನ ಯಮುನಮ್ಮನವರ ಸೊಸೆ ಜ್ಯೋತ್ಸ್ನಾಳ ಬಲಗೈ ಮುರಿದಾಗ, ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಆಸ್ಪತ್ರೆಯಲ್ಲಿ ಬರೆಸಿದವನು ಅವಳ ಗಂಡ ನವೀನ. ಸೌದೆ ತುಂಡಿನಿಂದ ಹೊಡೆದವನೂ ಅವನೇ.

ಅಂಗನವಾಡಿಯ ಪ್ರೇಮಕ್ಕ ಅದನ್ನು ನಂಬಲಿಲ್ಲ. ಹೆಂಗಸರಿಗೆ ಮನೆಯೊಳಗೆ ಆಗುವ ಹಿಂಸೆ ತಡೆಯಲು ಸರ್ಕಾರ ಹೊಸ ಕಾಯ್ದೆ ತಂದು ಎರಡು ವರ್ಷವಾಗಿತ್ತು. ಅವರು ನರಸಿಂಹರಾಜಪುರದ ಕಚೇರಿಗೆ ತಿಳಿಸಿದ ಮೇಲೆ ಸಂರಕ್ಷಣಾಧಿಕಾರಿ ಸುಬ್ಬಲಕ್ಷ್ಮಿ ಬಸ್ಸು ಹಿಡಿದು ಬಂದರು. ನವೀನ ಮನೆಯಲ್ಲಿರಲಿಲ್ಲ. ಮೂರು ಸಲ ಕೇಳಿದರೂ ಜ್ಯೋತ್ಸ್ನಾ ತಲೆಯೆತ್ತದೆ, ಜಾರಿದ್ದೇ ಎಂದಳು. ಸುಬ್ಬಲಕ್ಷ್ಮಿ ಪೆನ್ನಿಗೆ ಮುಚ್ಚಳ ಹಾಕಿದರು.

ಆಗ ಹೊರಗೆ ಬೈಕಿನ ಸದ್ದಾಯಿತು. ಆರು ವರ್ಷದ ಮೊಮ್ಮಗಳು ಅರ್ಪಿತಾ ಉಣ್ಣುತ್ತಿದ್ದ ತಟ್ಟೆ ಬಿಟ್ಟು, ಭತ್ತ ತುಂಬಿಡುವ ಪಣತದ ಹಿಂದೆ ನುಸುಳಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೈಕು ಬೇರೆ ಯಾರದೋ. ರಸ್ತೆಯಲ್ಲೇ ಮುಂದೆ ಹೋಯಿತು. ಮಗು ಮಾತ್ರ ಹೊರಗೆ ಬರಲಿಲ್ಲ. ನವೀನ ಚಿಕ್ಕವನಿದ್ದಾಗ, ಅಪ್ಪ ನಾಗಪ್ಪ ಬಂದ ಸದ್ದು ಕೇಳಿದರೆ ಅವನೂ ಅಲ್ಲೇ ಅಡಗುತ್ತಿದ್ದ.

"ಜಾರಿದ್ದಲ್ಲ ಮೇಡಂ," ಎಂದರು ಯಮುನಮ್ಮ. "ನನ್ನ ಮಗ ಹೊಡ್ದಿದ್ದು. ನಾನು ಕಣ್ಣಾರೆ ನೋಡಿದೀನಿ. ಬರ್ಕೊಳ್ಳಿ."

ಕೋರ್ಟಿನಲ್ಲಿ ನವೀನನ ವಕೀಲರು ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ನನ್ನ ಗಂಡನೂ ಹೊಡೆಯುತ್ತಿದ್ದರು, ಎಲ್ಲರ ಮನೆಯಲ್ಲೂ ಹೀಗೇ ಅಂದುಕೊಂಡಿದ್ದೆ ಎಂದು ಯಮುನಮ್ಮ ಹೇಳಿದರು. ಹೇಳುವಾಗ ಮಗನ ಕಡೆ ನೋಡಲಿಲ್ಲ. ನವೀನ ಆ ಮನೆಗೆ ಕಾಲಿಡಬಾರದೆಂದು ಆದೇಶವಾಯಿತು.

ಅವನು ಕೊಪ್ಪದಲ್ಲಿ ರೂಮು ಮಾಡಿದ. ನೆಂಟರು ಯಮುನಮ್ಮನವರನ್ನು ಮದುವೆಗಳಿಗೆ ಕರೆಯುವುದು ಬಿಟ್ಟರು. ಅವರ ಅಣ್ಣ ವೆಂಕಟಯ್ಯ ಅಂಗಳದಲ್ಲೇ ನಿಂತು, ಹೆತ್ತ ಮಗನನ್ನು ಬೀದಿಗೆ ಹಾಕಿದವಳ ಮನೆಯಲ್ಲಿ ನೀರೂ ಕುಡಿಯುವುದಿಲ್ಲ ಎಂದು ಹೇಳಿ ಹೋದರು. ಜ್ಯೋತ್ಸ್ನಾಳ ಎರಡು ಬೆರಳು ಮತ್ತೆ ಮಡಚಲು ಬರಲೇ ಇಲ್ಲ.

ದೀಪಾವಳಿಯ ಮಧ್ಯಾಹ್ನ ನವೀನ ಗೇಟಿನ ಹೊರಗೆ ಬಂದು ನಿಂತ. ಸೊರಗಿದ್ದ. ಕುಡಿದಿರಲಿಲ್ಲ.

"ಅಮ್ಮ, ಒಂದು ಹೊತ್ತು ಊಟ ಹಾಕು. ಉಂಡು ಹೋಗ್ತೀನಿ."

ಅಡಿಗೆಮನೆಯ ಬಾಗಿಲಲ್ಲಿ ಜ್ಯೋತ್ಸ್ನಾ ಗೋಡೆ ಹಿಡಿದುಕೊಂಡಿದ್ದಳು. ಯಮುನಮ್ಮ ಅವಳನ್ನೊಮ್ಮೆ ನೋಡಿದರು.

"ಒಳಗೆ ಬರೋ ಹಾಗಿಲ್ಲ ಮಗಾ. ಹೋಗು."

ಅವನು ಗೇಟನ್ನು ಒದ್ದ. ಮತ್ತೆ ಮತ್ತೆ ಒದ್ದ. ಯಮುನಮ್ಮ ಬಾಗಿಲು ಹಾಕಿ ಅಗಳಿ ಜಡಿದು ಫೋನಿನ ಹತ್ತಿರ ಹೋದರು. ಪೊಲೀಸ್ ಠಾಣೆಯ ನಂಬರು ಎರಡು ಸಲ ತಪ್ಪಿತು.

ಪೊಲೀಸರು ಬರುವಷ್ಟರಲ್ಲಿ ಅವನು ಹೋಗಿದ್ದ. ಯಮುನಮ್ಮ ಹೇಳಿಕೆ ಕೊಟ್ಟು ಸಹಿ ಹಾಕಿದರು. ಆಮೇಲೆ ಸೊಸೆ ಬಡಿಸಿದ ಎಲೆಯ ಮುಂದೆ ಕುಳಿತರು. ಕಲಸಿದ ಅನ್ನವನ್ನು ಹಾಗೇ ಬಿಟ್ಟು, ಎಲೆ ಮಡಚಿ ಎದ್ದರು.